ಹಂಗಳದ ಪಡುವಣ ಕಿಟಕಿಗಳು

ಐದು ದಿನದ ತರಬೇತಿ ಎಂದು ಕೇಳಿದಾಗಲೇ ನನಗೆ ಸಿಟ್ಟು ಬಂದಿತ್ತು. ಮಾರ್ಚ್ ತಿಂಗಳು. ಕೈಯಲ್ಲಿ ಮೂರು ಕಟ್ಟಡಗಳ ಕೆಲಸ, ಅದರಲ್ಲೊಂದಕ್ಕೆ ತಾರಸಿ ಹಾಕುವ ಹೊತ್ತು. ಆದರೆ ನಮ್ಮ ವಾಸ್ತುಶಿಲ್ಪಿಗಳ ವೃತ್ತಿಯಲ್ಲಿ ಈಗ ಆಗಾಗ ಇಂಥ ತರಬೇತಿಗೆ ಕೂತು ಪ್ರಮಾಣಪತ್ರ ತರುವುದು ವಾಡಿಕೆಯಾಗಿಬಿಟ್ಟಿದೆ. ಅದಕ್ಕಾಗಿ ಮೈಸೂರಿಗೆ ಅಲೆಯುವುದು ತಪ್ಪಿತು, ಚಾಮರಾಜನಗರದಲ್ಲೇ ನನ್ನ ಕಚೇರಿಯಿಂದ ಹತ್ತು ನಿಮಿಷ ನಡೆದರೆ ಸಿಗುವ ಸಭಾಂಗಣ ಎಂಬ ಒಂದೇ ಕಾರಣಕ್ಕೆ ಹೆಸರು ಕೊಟ್ಟೆ. ವಿಷಯ, ಕಟ್ಟಡ ವಿನ್ಯಾಸ ಮತ್ತು ಸುಸ್ಥಿರತೆ. ಇಪ್ಪತ್ತು ವರ್ಷದಿಂದ ಕಟ್ಟಡ ಕಟ್ಟಿಸುತ್ತಿರುವವಳಿಗೆ ಇವರೇನು ಹೇಳಿಕೊಟ್ಟಾರು ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹೇಳಿಕೊಡಲು ಬಂದವರು ನಿವೃತ್ತ ಮೇಷ್ಟ್ರು. ತೆಳ್ಳಗಿನ ಆಳು, ಹೆಗಲಿಗೊಂದು ಬಟ್ಟೆಚೀಲ. ಸಂಘಟಕರು ಪರದೆ, ಪ್ರೊಜೆಕ್ಟರು ಎಲ್ಲ ಸಿದ್ಧ ಮಾಡಿಟ್ಟಿದ್ದರು; ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಚೀಲದಿಂದ ಒಂದಷ್ಟು ಟೇಬಲ್ ಟೆನಿಸ್ ಚೆಂಡು, ಒಂದು ಡಬ್ಬಿ ಕಪ್ಪು ಬಣ್ಣ, ಥರ್ಮಾಮೀಟರುಗಳು ಮತ್ತು ಒಂದು ಕಟ್ಟು ಊದುಬತ್ತಿ ತೆಗೆದು ಮೇಜಿನ ಮೇಲಿಟ್ಟರು. ನಾವು ಹದಿನೆಂಟು ಜನ ಮುಖ ಮುಖ ನೋಡಿಕೊಂಡೆವು. ನನ್ನ ಪಕ್ಕದಲ್ಲಿದ್ದ, ಹೋದ ವರ್ಷವಷ್ಟೇ ಕಚೇರಿ ತೆರೆದ ಕೊಳ್ಳೇಗಾಲದ ಹುಡುಗಿ ಮೆಲ್ಲಗೆ, "ಮೇಡಂ, ಪೂಜೆ ಇದೆಯಾ?" ಅಂದಳು.

"ನೀವು ಕಟ್ಟಿಸಿದ ಕಟ್ಟಡದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಒಂದಿಡೀ ದಿನ ಸುಮ್ಮನೆ ಕೂತಿರೋರು ಕೈಯೆತ್ತಿ," ಅಂದರು ಮೇಷ್ಟ್ರು.

ಯಾರ ಕೈಯೂ ಮೇಲೇಳಲಿಲ್ಲ.

"ಸರಿ. ಹಾಗಾದ್ರೆ ನಿಮ್ಮ ಪೈಕಿ ಒಬ್ರು ನಿಮ್ಮದೇ ಒಂದು ಕಟ್ಟಡ ಕೊಡಿ. ಅಲ್ಲೇ ಹೋಗಿ ಕೂರೋಣ. ಚೆನ್ನಾಗಿರೋದನ್ನೇ ಕೊಡಿ, ಪರವಾಗಿಲ್ಲ."

ಚೆನ್ನಾಗಿರುವುದು ಅಂದ ತಕ್ಷಣ ನನ್ನ ಕೈ ತಾನಾಗಿ ಮೇಲೆ ಹೋಯಿತು. ನಾಲ್ಕು ವರ್ಷದ ಹಿಂದೆ ಗುಂಡ್ಲುಪೇಟೆ ಆಚೆ, ಬಂಡೀಪುರದ ದಾರಿಯಲ್ಲಿ ಸಿಗುವ ಹಂಗಳದಲ್ಲಿ ಹೆಂಗಸರ ಹೊಲಿಗೆ ಕೇಂದ್ರಕ್ಕೆ ಒಂದು ದೊಡ್ಡ ಚೌಕದ ಹಾಲ್ ಕಟ್ಟಿಸಿದ್ದೆ. ಒಂದು ಗೋಡೆಯುದ್ದಕ್ಕೂ ಸೊಂಟದೆತ್ತರದಿಂದ ಲಿಂಟಲ್‌ವರೆಗೆ ಆರು ದೊಡ್ಡ ಗಾಜಿನ ಕಿಟಕಿ. ಹೊಲಿಯುವವರಿಗೆ ಕಣ್ಣಿಗೆ ತಂಪಾದ ಬೆಳಕು ಬೇಕು, ಹಗಲು ದೀಪವೇ ಬೇಡ ಎಂಬುದು ನನ್ನ ಲೆಕ್ಕ. ಅದರ ಫೋಟೋ ಇವತ್ತಿಗೂ ನನ್ನ ಕಚೇರಿ ಬಾಗಿಲ ಎದುರಿಗೇ ಇದೆ. ಬಂದವರೆಲ್ಲ ಮೊದಲು ನೋಡುವುದು ಅದನ್ನೇ.

ಎರಡನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಂಗಳ ಮುಟ್ಟಿದೆವು. ಕೇಂದ್ರದ ಮೇಲ್ವಿಚಾರಕಿ ಬಾಗಿಲಲ್ಲೇ ನಿಂತಿದ್ದರು. ಅದೇ ಊರಿನವರು, ಹೊಲಿಗೆ ಕಲಿತು ಉಳಿದವರಿಗೂ ಕಲಿಸಿದವರು. ನನ್ನನ್ನು ಗುರುತು ಹಿಡಿದು ನಕ್ಕರು. ಆಮೇಲೆ ನಗು ಇಳಿಸಿ, "ಒಳ್ಳೆ ಟೈಮಿಗ್ ಬಂದ್ರಿ ಮೇಡಂ. ಬರೋ ತಿಂಗ್ಳು ಬಂದಿದ್ರೆ ಬರೀ ಗ್ವಾಡೆ ನೋಡ್ಕಂಡು ಓಗ್ಬೇಕಿತ್ತು," ಅಂದರು.

"ಯಾಕೆ?"

"ಮಿಷನ್ನೆಲ್ಲ ಬದನಗುಪ್ಪೆಗೆ ಎತ್ಕಂಡೋಗ್ತಾರಂತೆ."

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಿದ್ಧ ಉಡುಪಿನ ಕಾರ್ಖಾನೆ ಈ ಕೇಂದ್ರಕ್ಕೆ ಮಿಷನ್ನು ಕೊಟ್ಟು ಅಂಗಿಯ ಕಾಲರು, ತೋಳಿನ ಪಟ್ಟಿ ಹೊಲಿಸಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಇಲ್ಲಿ ಕೆಲಸವೇ ಸಾಗುವುದಿಲ್ಲ, ಬಿಳಿ ಬಟ್ಟೆಗೆ ಬೆವರಿನ ಕಲೆ ಬಿದ್ದು ಹಿಂದಕ್ಕೆ ಬರುತ್ತದೆ ಎಂದು ಅವರು ಮಿಷನ್ನು ವಾಪಸ್ ಕರೆಸಿಕೊಳ್ಳುತ್ತಿದ್ದರು. ಬರುವವರು ಬದನಗುಪ್ಪೆಗೇ ಬರಲಿ, ಕೆಲಸ ಕೊಡುತ್ತೇವೆ ಎಂದೂ ಹೇಳಿದ್ದರು. ಹಂಗಳದಿಂದ ಬದನಗುಪ್ಪೆಗೆ ಎರಡು ಬಸ್ಸು ಬದಲಾಯಿಸಬೇಕು. ಸಂಜೆ ಬಿಟ್ಟರೆ ಊರು ಸೇರುವಷ್ಟರಲ್ಲಿ ಕತ್ತಲಾಗುತ್ತದೆ, ಬಸ್ಸಿಳಿದು ಕಾಡಂಚಿನ ಹೊಲದ ದಾರಿಯಲ್ಲಿ ನಡೆಯಬೇಕಾದವರೇ ಹೆಚ್ಚು. ಇಪ್ಪತ್ತೆರಡು ಹೆಂಗಸರಲ್ಲಿ ಹೋಗುತ್ತೇನೆ ಅಂದವರು ಮೂವರು.

"ಬೇಸಿಗೆಯಲ್ಲಿ ಎಲ್ಲಾ ಕಡೆ ಸೆಕೆ ಅಲ್ವಾ?" ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು.

"ಮೂರ್ ಗಂಟೆಗಂಟ ಇದ್ ನೋಡಿ ಮೇಡಂ," ಅಂದರು ಮೇಲ್ವಿಚಾರಕಿ.

ಮೇಷ್ಟ್ರು ಕೆಲಸ ಹಂಚಿದರು. ಚೆಂಡಿಗೆ ಕಪ್ಪು ಬಣ್ಣ ಬಳಿದು, ತೂತು ಮಾಡಿ, ಥರ್ಮಾಮೀಟರಿನ ತುದಿಯನ್ನು ಒಳಗೆ ತೂರಿಸಿ ಹಾಲಿನ ಐದು ಕಡೆ ನೇತುಹಾಕಬೇಕು. ಬರೀ ಥರ್ಮಾಮೀಟರು ಗಾಳಿಯ ಬಿಸಿ ಹೇಳುತ್ತದೆ. ಕಪ್ಪು ಚೆಂಡು ಸುತ್ತಲಿನ ಗೋಡೆ, ಗಾಜು, ತಾರಸಿ ಎಲ್ಲ ಸೇರಿ ಮೈಗೆ ಬಡಿಯುವ ಕಾವನ್ನು ಹೇಳುತ್ತದೆ. ಅರ್ಧ ಗಂಟೆಗೊಮ್ಮೆ ಎರಡನ್ನೂ ಬರೆದುಕೊಳ್ಳಬೇಕು. ಊದುಬತ್ತಿ ಹಿಡಿದು ಹೊಗೆ ಯಾವ ಕಡೆ ವಾಲುತ್ತದೆ ನೋಡಬೇಕು. ಅಂಗಳದಲ್ಲಿ ನೆಟ್ಟಗೆ ಕೋಲು ನೆಟ್ಟು ನೆರಳಿನಿಂದ ದಿಕ್ಕು ಹಿಡಿಯುವುದು ನನ್ನ ಪಾಲಿಗೆ ಬಂತು.

"ದಿಕ್ಕು ಗೊತ್ತಲ್ವಾ ಸಾರ್, ನಕ್ಷೆಯಲ್ಲಿದೆ. ಫೋನಿನಲ್ಲೂ ಸಿಗುತ್ತೆ," ಅಂದೆ.

"ಇಷ್ಟೊಂದು ಕಬ್ಬಿಣದ ಮಿಷನ್ ಪಕ್ಕ ಫೋನಿನ ದಿಕ್ಸೂಚಿ ನಂಬಬೇಡಿ. ನೆರಳು ಸುಳ್ಳು ಹೇಳಲ್ಲ, ಹಿಡೀರಿ."

ಹತ್ತೂವರೆಗೆ ನೆರಳಿನ ತುದಿಗೆ ಒಂದು ಮೊಳೆ ಹೊಡೆದೆ. ಕೋಲಿನ ಬುಡಕ್ಕೆ ದಾರ ಕಟ್ಟಿ ಆ ಅಳತೆಗೆ ನೆಲದ ಮೇಲೆ ವೃತ್ತ ಎಳೆದೆ. ಮಧ್ಯಾಹ್ನ ದಾಟಿ ನೆರಳು ಮತ್ತೆ ಉದ್ದವಾಗಿ ವೃತ್ತ ಮುಟ್ಟಿದಾಗ ಇನ್ನೊಂದು ಮೊಳೆ. ಎರಡೂ ಮೊಳೆಗೆ ದಾರ ಬಿಗಿದರೆ ಅದೇ ಪೂರ್ವ ಪಶ್ಚಿಮ. ಆ ದಾರದ ಮೇಲೆ ನಿಂತು ಕಟ್ಟಡ ನೋಡಿದೆ. ನನ್ನ ಆರು ಕಿಟಕಿಗಳು ನೇರವಾಗಿ ಪಶ್ಚಿಮಕ್ಕೆ ಮುಖ ಮಾಡಿದ್ದವು.

ಬಿಸಿಲಲ್ಲಿ ನಿಂತಿದ್ದಂತೆಯೇ ಎಲ್ಲ ನೆನಪಾಯಿತು. ಮೊದಲು ನಾನು ಬರೆದ ನಕ್ಷೆಯಲ್ಲಿ ಬಾಗಿಲು ದಕ್ಷಿಣಕ್ಕೆ, ದೊಡ್ಡ ಕಿಟಕಿಗಳು ಉತ್ತರಕ್ಕಿದ್ದವು. ಉತ್ತರದ ಬೆಳಕು ಹೊಲಿಗೆಗೆ ಹೇಳಿ ಮಾಡಿಸಿದ್ದು. ಅಷ್ಟರಲ್ಲಿ ಜಾಗ ದಾನ ಕೊಟ್ಟ ಯಜಮಾನರು, ಕೇಂದ್ರದ ಅಧ್ಯಕ್ಷರೂ ಅವರೇ, ಬಾಗಿಲು ಪೂರ್ವಕ್ಕೇ ಬೇಕು ಅಂದರು. ದಕ್ಷಿಣದ ಬಾಗಿಲು ಆಗಿಬರುವುದಿಲ್ಲವಂತೆ. ನನಗೆ ತಲೆ ಕೆಟ್ಟಿತ್ತು, ಅನುಮೋದನೆಗೆ ಹೊತ್ತಾಗಿತ್ತು. ಕಂಪ್ಯೂಟರಿನಲ್ಲಿ ಕಟ್ಟಡವನ್ನು ಮುಟ್ಟಲೇ ಇಲ್ಲ. ಮೂಲೆಯಲ್ಲಿದ್ದ ಉತ್ತರದ ಬಾಣವನ್ನು ಕಾಲು ಸುತ್ತು ತಿರುಗಿಸಿದೆ. ದಕ್ಷಿಣದ ಬಾಗಿಲು ಪೂರ್ವವಾಯಿತು. ಉತ್ತರದ ಕಿಟಕಿಗಳು ಪಶ್ಚಿಮವಾದವು ಎಂಬುದು ಆ ಗಡಿಬಿಡಿಯಲ್ಲಿ ತಲೆಗೇ ಹೋಗಲಿಲ್ಲ. ಉದ್ಘಾಟನೆ ಆದದ್ದು ಬೆಳಿಗ್ಗೆ ಹತ್ತಕ್ಕೆ, ಫೋಟೋ ತೆಗೆಸಿದ್ದೂ ಹತ್ತಕ್ಕೆ. ಆ ಹೊತ್ತಿನಲ್ಲಿ ಪಡುವಣ ಕಿಟಕಿಯ ಬೆಳಕೂ ತಂಪಾಗಿಯೇ ಇರುತ್ತದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನು ಮಧ್ಯಾಹ್ನ ಅಲ್ಲಿಗೆ ಹೋಗಿರಲಿಲ್ಲ.

ಮೂರು ಗಂಟೆಗೆ ಬಿಸಿಲು ಒಳಗೆ ಬಂತು. ಕಿಟಕಿ ಪಕ್ಕದ ಸಾಲಿನ ಹೆಂಗಸರು ಎದ್ದು, ದಿನಾ ಮಾಡುವ ಕೆಲಸದ ಹಾಗೆ, ಹಳೇ ಸೀರೆಗಳನ್ನು ಕಿಟಕಿಗೆ ಕಟ್ಟಿದರು. ಗಾಜು ಕಾದಿತ್ತು, ಸೀರೆಯೂ ಕಾಯಿತು. ಮಿಷನ್ನಿನ ಮುಚ್ಚಳ ಮುಟ್ಟಿದವಳೊಬ್ಬಳು ಕೈ ಹಿಂದೆಳೆದುಕೊಂಡಳು. ಚೆಂಡಿನ ಥರ್ಮಾಮೀಟರು ಗಾಳಿಯದಕ್ಕಿಂತ ಎಷ್ಟೋ ಮೇಲೆ ಹೋಗಿತ್ತು. ಮೂರೂವರೆಗೆ ಮೇಲ್ವಿಚಾರಕಿ, "ಏಳ್ರಮ್ಮಿ, ಆಚ್ಕೆ ಓಗನ," ಅಂದರು. ಎಲ್ಲರೂ ಚಾಪೆ, ಗುಂಡಿಯ ಡಬ್ಬ ಹಿಡಿದು ಹೊರಗೆ ಹೋದರು. ಎಲ್ಲಿ ಕೂತರು ಎಂದು ಮೇಷ್ಟ್ರು ನನ್ನನ್ನು ಕರೆದು ತೋರಿಸಿದರು. ಕಟ್ಟಡದ ಉತ್ತರದ ಗೋಡೆಗೆ ಬೆನ್ನು ಕೊಟ್ಟು, ನೆರಳಲ್ಲಿ ಸಾಲಾಗಿ ಕೂತು ಗುಂಡಿ ಹಾಕುತ್ತಿದ್ದರು. ಆ ಗೋಡೆಗೆ ಮೇಲೆರಡು ಗೂಡಿನಷ್ಟು ಚಿಕ್ಕ ಕಿಂಡಿ ಬಿಟ್ಟರೆ ಏನೂ ಇರಲಿಲ್ಲ. ನನಗೆ ಅಲ್ಲೇ ಅಳು ಬಂತು. ಕಣ್ಣಿಗೆ ಧೂಳು ಬಿತ್ತೆಂದು ನೀರಿನ ತೊಟ್ಟಿಯ ಹತ್ತಿರ ಹೋದೆ.

ಮೂರನೇ ದಿನವೂ ಹಂಗಳದಲ್ಲೇ. ಬಾಣ ತಿರುಗಿಸಿದ ವಿಷಯ ನಾನಿನ್ನೂ ಯಾರಿಗೂ ಹೇಳಿರಲಿಲ್ಲ. ಜಾಗವೇ ಹಾಗಿತ್ತು ಎಂಬಂತೆ ಸುಮ್ಮನಿದ್ದೆ. ಎಲ್ಲರೂ ಪರಿಹಾರ ಹೇಳತೊಡಗಿದರು. ಒಬ್ಬರು ಕೂಲರ್ ಅಂದರು. ಇಡೀ ಊರಿಗೇ ದಿನಕ್ಕೆ ಎರಡು ಸಲ ಕರೆಂಟ್ ಹೋಗುತ್ತದೆ ಎಂದು ತಿಳಿದು ಆ ಮಾತು ಬಿಟ್ಟರು. ತಾರಸಿಗೆ ಸುಣ್ಣ ಬಳಿದೆವು, ಸ್ವಲ್ಪ ಇಳಿಯಿತು, ಆದರೆ ಚೆಂಡುಗಳ ಕಾವು ಮುಖ್ಯವಾಗಿ ಗಾಜಿನಿಂದಲೇ ಬರುತ್ತಿತ್ತು. ಕೊಳ್ಳೇಗಾಲದ ಹುಡುಗಿ ಉತ್ಸಾಹದಿಂದ, "ಪಶ್ಚಿಮಕ್ಕೆ ಸಾಲಾಗಿ ಬಾಳೆ ನೆಟ್ಟರೆ ಆರೇ ತಿಂಗಳಲ್ಲಿ ನೆರಳು," ಅಂದಳು. ಹೊಲಿಯುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ನಕ್ಕುಬಿಟ್ಟರು.

"ನೆಡು ಕಣಮ್ಮಿ, ನೆಡು," ಅಂದರು ಒಬ್ಬ ಅಜ್ಜಿ. "ಆನೆ ಬಂದು ಬಾಳೆ ತಿಂದು, ಅಂಗೇ ಕಿಟ್ಕೀಲಿ ಸೊಂಡ್ಲು ಆಕಿ ಕಾಲರ್ ಒಲ್ಕೊಟ್ಟೋಗ್ತದೆ."

ಆ ಹುಡುಗಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಮಾತ್ರ ನನ್ನ ಕಿಟಕಿ ಉಳಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ಕಿಟಕಿಯ ಮೇಲಿನ ಸಜ್ಜವನ್ನು ಮೂರಡಿ ಮುಂದಕ್ಕೆ ತಂದರೆ ಸಾಕು ಎಂದು ವಾದಿಸಿದೆ. ಮೇಷ್ಟ್ರು ಬೇಡ ಅನ್ನಲಿಲ್ಲ. ಪ್ಲೈವುಡ್ ಹಲಗೆಗಳನ್ನು ಕಟ್ಟಿ ಮೂರಡಿ ಸಜ್ಜ ನಿಲ್ಲಿಸಿ ಕಾದೆವು. ಎರಡು ಗಂಟೆಗೆ ಚೆನ್ನಾಗಿ ನೆರಳು ಬಿತ್ತು, ನಾನು ಗೆದ್ದವಳಂತೆ ಅಡ್ಡಾಡಿದೆ. ನಾಲ್ಕಕ್ಕೆ ಸೂರ್ಯ ಇಳಿದು ಹಲಗೆಯ ಕೆಳಗಿನಿಂದ ನೇರವಾಗಿ ಒಳಗೆ ನುಗ್ಗಿದ. ಇಳಿಬಿಸಿಲಿಗೆ ಅಡ್ಡ ಸಜ್ಜ ಉಪಯೋಗವಿಲ್ಲ ಎನ್ನುವುದು ಕಾಲೇಜಿನ ಎರಡನೇ ವರ್ಷದ ಪಾಠ.

ನಾಲ್ಕನೇ ದಿನ ಬೆಳಿಗ್ಗೆ ಈ ಕಟ್ಟಡ ಕಟ್ಟಿದ ಗುಂಡ್ಲುಪೇಟೆಯ ಮೇಸ್ತ್ರಿಯನ್ನು ಕರೆಸಿದೆ. ತಂದೆಯ ಕಾಲದಿಂದ ಗಾರೆ ಕೆಲಸದ ಮನೆತನ, ಬಿಳಿ ಗಡ್ಡದ ಸಾಹೇಬರು. ಕಟ್ಟಡ ಸುತ್ತಿ ಬಂದು ಪಡುವಣ ಗೋಡೆಯ ಎದುರು ನಿಂತರು.

"ಕಟ್ಟುವಾಗ ನಿಮಗೆ ಗೊತ್ತಾಗಲಿಲ್ವಾ ಸಾಹೇಬ್ರೇ?" ಅಂದೆ.

"ಗೊತ್ತಾಗದೆ ಏನು ಮೇಡಂ. ಮಧ್ಯಾಹ್ನ ಆದ್ರೆ ನಮ್ಮ ಆಳುಗಳೇ ಈ ಗೋಡೆ ಬಿಟ್ಟು ಆ ಗೋಡೆಗೆ ಹೋಗೋರು. ಹೇಳೋಣ ಅಂತ ಒಂದಿನ ಬಾಯಿ ತೆಗೆದೆ. ನೀವು 'ಡ್ರಾಯಿಂಗ್ ನೋಡ್ಕೊಂಡು ಕಟ್ಟಿ ಸಾಹೇಬ್ರೇ, ತಲೆ ತಿನ್ಬೇಡಿ' ಅಂದ್ರಿ. ನಾನು ಡ್ರಾಯಿಂಗ್ ನೋಡ್ಕೊಂಡು ಕಟ್ದೆ."

ಅವರ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ನನ್ನ ಸಿಡುಕಿನ ಬಗ್ಗೆ ಮನೆಯವರು, ಕಚೇರಿಯವರು ಎಷ್ಟೋ ಸಲ ಹೇಳಿದ್ದಾರೆ. ಅದರಿಂದ ಇಪ್ಪತ್ತೆರಡು ಜನರ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಅವತ್ತು ತಿಳಿಯಿತು. ಎಲ್ಲರನ್ನೂ ಹಾಲಿಗೆ ಕರೆದೆ. ಹಳೆಯ ನಕ್ಷೆ, ಹೊಸ ನಕ್ಷೆ ಎರಡನ್ನೂ ಹೊಲಿಗೆ ಮೇಜಿನ ಮೇಲೆ ಹರಡಿ, ಬಾಣ ತಿರುಗಿಸಿದ್ದನ್ನು ಹೇಳಿದೆ. ಹದಿನೇಳು ಜನ ವಾಸ್ತುಶಿಲ್ಪಿಗಳು, ಅಷ್ಟೂ ಹೆಂಗಸರು ಕೇಳಿಸಿಕೊಂಡರು. ನನ್ನ ವಯಸ್ಸಿನ ವಾಸ್ತುಶಿಲ್ಪಿಯೊಬ್ಬರು, "ನಾನೂ ಮಾಡಿದ್ದೀನಿ," ಅಂದರು. ಇನ್ನಿಬ್ಬರು ನೆಲ ನೋಡಿದರು.

"ಕಿಟಕಿ ಉಳಿಸೋದು ಬೇಡ," ಅಂದೆ. "ಆರನ್ನೂ ಕಿತ್ತು ಉತ್ತರದ ಗೋಡೆಗೆ ಹಾಕೋಣ. ಉತ್ತರದಲ್ಲಿ ಬಿಚ್ಚಿದ ಇಟ್ಟಿಗೆಯಿಂದ ಪಶ್ಚಿಮದ ಕಂಡಿ ಮುಚ್ಚೋಣ."

ಹೇಳಿದ ಮೇಲೆ ಇಷ್ಟು ಸುಲಭವೇ ಅನ್ನಿಸಿತು. ಭಾರ ಹೊರುವುದು ಕಂಬ, ತೊಲೆಗಳು. ಗೋಡೆ ಬರೀ ಅಡ್ಡ. ಕಿಟಕಿಗಳ ಮೇಲೆ ಹಾಯುವ ಕಾಂಕ್ರೀಟಿನ ಲಿಂಟಲ್ ಪಟ್ಟಿ ಕಟ್ಟಡದ ಸುತ್ತಲೂ ಒಂದೇ ಸಮ ಹೋಗಿತ್ತು, ಅದರ ಕೆಳಗೆ ಎಲ್ಲಿ ಒಡೆದರೂ ತೊಂದರೆಯಿರಲಿಲ್ಲ. ಮೇಷ್ಟ್ರು ಎಲ್ಲ ಕೇಳಿ, "ಮೇ ತಿಂಗಳಲ್ಲಿ?" ಅಂದರು. ನಾವು ಮತ್ತೆ ಪೆನ್ನು ಹಿಡಿದು ಲೆಕ್ಕ ಹಾಕಿದೆವು. ನಮ್ಮ ಸೀಮೆಯಲ್ಲಿ ಮೇ, ಜೂನಿನಲ್ಲಿ ನಡುಹಗಲ ಸೂರ್ಯ ತುಸು ಉತ್ತರಕ್ಕೆ ವಾಲುತ್ತಾನೆ. ಆದರೆ ನೆತ್ತಿಯ ಹತ್ತಿರವೇ ಇರುವುದರಿಂದ ಅಲ್ಲಿ ಎರಡಡಿ ಸಜ್ಜ ಸಾಕು. ಅದಕ್ಕೆ ಕಲ್ಲಿನ ಚಪ್ಪಡಿ ಕೂರಿಸುವುದೆಂದಾಯಿತು.

ಉಳಿದದ್ದು ಯಜಮಾನರ ಒಪ್ಪಿಗೆ. ಐದನೇ ದಿನ ಅವರ ಮನೆಗೆ ಹೋದೆ. ಹಣೆತುಂಬ ವಿಭೂತಿ, ಜಗಲಿಯ ಮೇಲೆ ಕೂತಿದ್ದರು. ಗೋಡೆ ಒಡೆಯುವ ಮಾತು ಕೇಳುತ್ತಲೇ ಮುಖ ಗಂಟಿಕ್ಕಿದರು. "ಪೂಜೆ ಮಾಡಿ ಕಟ್ಟಿದ್ ಗ್ವಾಡೆಗೆ ಆರೆ ಆಕದಾ? ಆಗಕಿಲ್ಲ ಬುಡಿ ಇಂಜಿನಿಯರಮ್ಮ. ಬಿಸ್ಲು ಅಂದ್ರೆ ಬಿಸ್ಲು, ಏನ್ ಮಾಡಕಾಯ್ತದೆ."

"ಬಿಸಿಲಿನ ತಪ್ಪಲ್ಲ ಯಜಮಾನರೇ, ನನ್ನ ತಪ್ಪು, ಒಡೆದು ಕಟ್ಟೋ ಖರ್ಚೂ ನನ್ನದೇ. ನೀವು ಬಾಗಿಲು ಪೂರ್ವಕ್ಕೆ ಬೇಕು ಅಂದಿರಿ. ನಾನು ಕೂತು ಹೊಸದಾಗಿ ಬರೀಬೇಕಿತ್ತು. ಸೋಮಾರಿತನಕ್ಕೆ ಇಡೀ ನಕ್ಷೆ ತಿರುಗಿಸಿಬಿಟ್ಟೆ."

ಅವರು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ನಾನ್ ಕೇಳಿದ್ದು ಒಂದ್ ಬಾಗ್ಲು. ನೀವು ಮನೇನೇ ತಿರುಗಿಸ್ಬುಟ್ರಾ?"

"ಹೌದು."

"ನಾಕ್ ವರ್ಸದಿಂದ ಆ ಎಣ್ಮಕ್ಳು ನಾನ್ ಬಾಗ್ಲು ಕೇಳಿದ್ಕೇ ಇಂಗಾಯ್ತು ಅಂತ ನನ್ನೇ ಆಡ್ಕಂತಾವ್ರೆ, ಗೊತ್ತಾ ನಿಮ್ಗೆ?" ಎಂದು ಒಮ್ಮೆಲೇ ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, "ಈಗ ಕಿಟ್ಕಿ ಯಾವ್ ಕಡೀಕೆ ಅಂದ್ರಿ?"

"ಉತ್ತರಕ್ಕೆ."

"ಉತ್ರ ಕುಬೇರನ ದಿಕ್ಕು ಕಣಮ್ಮ. ಅದ್ನ ಮೊದ್ಲೇ ಏಳಕಾಗ್ತಿರ್ನಿಲ್ವಾ!" ಅಂದವರೇ ಒಳಗೆ ಕಾಫಿ ಹೇಳಿದರು.

ತರಬೇತಿ ಅವತ್ತಿಗೆ ಮುಗಿಯಿತು, ಪ್ರಮಾಣಪತ್ರ ಕೈಗೆ ಬಂತು. ಆದರೆ ತರಬೇತಿಗೆ ಬಂದವರಲ್ಲಿ ಐದಾರು ಜನ ಹಂಗಳಕ್ಕೆ ಬರುತ್ತಲೇ ಇದ್ದರು, ಮೇಷ್ಟ್ರೂ ಒಂದೆರಡು ಸಲ ಬಂದರು. ಮೇಲ್ವಿಚಾರಕಿ ಕಾರ್ಖಾನೆಯ ಅಧಿಕಾರಿಗೆ ಫೋನು ಮಾಡಿ ಮೂರು ವಾರ ಕಾಯಲು ಒಪ್ಪಿಸಿದರು. ಅಧಿಕಾರಿ, ಬಂದು ಮಧ್ಯಾಹ್ನವೇ ನೋಡುತ್ತೇನೆ, ಆಮೇಲೆ ತೀರ್ಮಾನ ಅಂದರಂತೆ. ಹೊಲಿಗೆ ನಿಲ್ಲಬಾರದೆಂದು ಹಾಲಿಗೆ ನಡುವೆ ತಾಡಪಾಲು ಕಟ್ಟಿ, ಅರ್ಧದಲ್ಲಿ ಮಿಷನ್ನು, ಅರ್ಧದಲ್ಲಿ ಗಾರೆ ಕೆಲಸ ಎಂದು ಮಾಡಿಕೊಂಡೆವು. ಧೂಳಿಗೆ ಬಿಳಿ ಬಟ್ಟೆ ಕೆಡುತ್ತದೆಂದು ಮೇಲ್ವಿಚಾರಕಿ ಆ ಮೂರು ವಾರ ಬಣ್ಣದ ಬಟ್ಟೆಯ ಕೆಲಸವನ್ನಷ್ಟೇ ಕೇಳಿ ತರಿಸಿಕೊಂಡರು. ಇಂಥ ಯೋಜನೆ ನನಗೆ ಹೊಳೆಯುತ್ತಿರಲಿಲ್ಲ.

ಎರಡನೇ ವಾರ ಒಂದು ಪೆಟ್ಟು ಬಿತ್ತು. ಉತ್ತರದ ಗೋಡೆಯ ಇಟ್ಟಿಗೆಗಳು ಸಿಮೆಂಟಿಗೆ ಕಚ್ಚಿಕೊಂಡಿದ್ದವು. ಎಷ್ಟು ಹುಷಾರಾಗಿ ಬಿಡಿಸಿದರೂ ಅರ್ಧಕ್ಕರ್ಧ ಒಡೆದವು. ಪಶ್ಚಿಮದ ಆರು ಕಂಡಿಗೆ ಅವು ಸಾಲುತ್ತಿರಲಿಲ್ಲ. ಹೊಸ ಇಟ್ಟಿಗೆ ತರಿಸೋಣ ಎಂದು ಬಾಯಿ ತೆರೆದೆ. ಮೇಸ್ತ್ರಿ ಏನೋ ಹೇಳಲು ಹೊರಟಂತೆ ಕಂಡರು. ನಾನು ಬಾಯಿ ಮುಚ್ಚಿಕೊಂಡೆ.

"ಇರೋದ್ರಲ್ಲೇ ತೂತು ಬಿಟ್ಟು ಕಟ್ಟಿದ್ರೆ ಹೆಂಗೆ ಮೇಡಂ? ಇಟ್ಟಿಗೇನ ಓರೆಯಾಗಿ ಇಟ್ಕೊಂಡು ಹೋದ್ರೆ ಬಿಸಿಲು ಒಳಗೆ ಬರಲ್ಲ, ಮಳೆ ಎರಚೂ ಬರಲ್ಲ. ಗಾಳಿ ಬರ್ತದೆ. ನಮ್ಮ ಮನೆ ಹಿಂದುಗಡೆ ಬಚ್ಚಲಿಗೆ ನಮ್ಮಪ್ಪ ಹಂಗೇ ಕಟ್ಟಿದ್ರು."

ಮೊದಲ ಕಂಡಿಗೆ ಹಾಗೆ ಕಟ್ಟಿ, ಗಾರೆ ಒಣಗಿದ ಮೇಲೆ ಒಳಗಿನಿಂದ ಊದುಬತ್ತಿ ಹಿಡಿದೆವು. ಕೇರಳದ ಕಡೆಯಿಂದ ಬರುವ ಸಂಜೆಗಾಳಿ ಆ ತೂತುಗಳಲ್ಲಿ ನುಗ್ಗಿ, ಹೊಗೆಯನ್ನು ಎಳೆದುಕೊಂಡು ಹೋಗಿ ಉತ್ತರದ ಹೊಸ ಕಿಟಕಿಯಿಂದ ಆಚೆ ಹಾಕಿತು. ಮೇಷ್ಟ್ರು ಮೇಸ್ತ್ರಿಯ ಕೈ ಕುಲುಕಿ, "ಮುಂದಿನ ತರಬೇತಿಗೆ ನೀವು ಪಾಠ ಮಾಡ್ಬೇಕು," ಅಂದರು. ತಮಾಷೆ ಅಂದುಕೊಂಡೆ, ಅಲ್ಲವಂತೆ. ಅವರ ಫೋನ್ ನಂಬರನ್ನೂ ಬರೆದುಕೊಂಡರು.

ಏಪ್ರಿಲ್ ನಡುವಿನಲ್ಲಿ ಅಧಿಕಾರಿ ಬಂದರು. ಹೊರಗೆ ಮಾರ್ಚಿಗಿಂತ ಬಿಸಿಲು ಖಾರವಾಗಿತ್ತು. ಎರಡೂವರೆಗೆ ಬಂದವರು ಒಂದು ಕುರ್ಚಿ ಎಳೆದುಕೊಂಡು ಮೊದಲು ಕಿಟಕಿಯಿದ್ದ ಪಡುವಣ ಗೋಡೆ ಪಕ್ಕವೇ ಕೂತರು. ಮೂರಾಯಿತು, ಮೂರೂವರೆಯಾಯಿತು. ನಾನು ಹತ್ತು ನಿಮಿಷಕ್ಕೊಮ್ಮೆ ಎದ್ದು ಚೆಂಡು ನೋಡಿ ಬರುತ್ತಿದ್ದೆ. ಅದರ ಕಾವು ಈಗ ಗಾಳಿಯದಕ್ಕೆ ಹತ್ತಿರ ಹತ್ತಿರವೇ ಇತ್ತು. ಸೆಕೆ ಇರಲಿಲ್ಲವೆಂದಲ್ಲ, ಇತ್ತು. ಆದರೆ ತಡೆದುಕೊಳ್ಳುವ ಸೆಕೆ. ಯಾರೂ ಚಾಪೆ ಎತ್ತಲಿಲ್ಲ. ಅವತ್ತು ಬಿಳಿ ಕಾಲರುಗಳೇ ಇದ್ದವು. ಐದಕ್ಕೆ ಅಧಿಕಾರಿ ಎದ್ದು, ರಾಶಿಯಿಂದ ಒಂದು ಹಿಡಿ ಕಾಲರು ತೆಗೆದು ಬೆಳಕಿಗೆ ಹಿಡಿದು ಒಂದೊಂದಾಗಿ ತಿರುಗಿಸಿ ನೋಡಿದರು.

"ಲಾರಿ ಬೇಡ ಅಂತ ಹೇಳ್ತೀನಿ," ಅಂದರು. "ಮಿಷನ್ ಇಲ್ಲೇ ಇರ್ಲಿ."

ಆನೆಯ ಮಾತಾಡಿದ್ದ ಆ ಅಜ್ಜಿ, "ಸದ್ಯ, ಬಸ್ಸಿಗೆ ಓಡದು ತಪ್ತು," ಅಂದರು. ಆಗ ಎದ್ದ ಗಲಾಟೆಯಲ್ಲಿ ಅಧಿಕಾರಿ ಇನ್ನೇನು ಹೇಳಿದರೋ ಕೇಳಿಸಲಿಲ್ಲ. ನನಗಾದ ಸಂತೋಷಕ್ಕೆ ಮೇಸ್ತ್ರಿಯ ಕೈ ಹಿಡಿದುಕೊಂಡು ಏನೇನೋ ಹೇಳಿದೆ. ಅವರಿಗೆ ಮುಜುಗರವಾಗಿ ಗಡ್ಡ ನೀವಿಕೊಂಡರು.

ಹೊರಟಾಗ ಮೇಲ್ವಿಚಾರಕಿ ಕಾರಿನವರೆಗೂ ಬಂದರು. "ಮೇಡಂ, ಒಂದ್ ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬೇಡಿ."

"ಕೇಳಿ."

"ನೀವು ಕಟ್ಸಿರೋದ್ರಾಗೆ ಇಂತವು ಇನ್ನ ಎಷ್ಟ್ ಅವೆ?"

ಒಂದೂ ಇಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮನಸ್ಸಿನಲ್ಲೇ ಒಂದೊಂದು ಕಟ್ಟಡದ ಸುತ್ತ ತಿರುಗಿ ಬಂದೆ.

"ಮೂರು," ಅಂದೆ. "ಇನ್ನೊಂದರ ಮೇಲೆ ಅನುಮಾನ."

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅಂಗಾರೆ ಮಳೆ ಇಡ್ಕಳಗಂಟ ಬಿಡುವಿಲ್ಲ ಬುಡಿ ನಿಮ್ಗೆ. ಓಗ್ಬನ್ನಿ, ಓಗ್ಬನ್ನಿ," ಎಂದು ಕಾರಿನ ಬಾಗಿಲು ಹಾಕಿದರು.

ಗುಂಡ್ಲುಪೇಟೆ ಸೇರುವ ಮೊದಲೇ ರಸ್ತೆಯಂಚಿಗೆ ಕಾರು ನಿಲ್ಲಿಸಿದೆ. ಮೂರರಲ್ಲಿ ಮೊದಲನೆಯದು ಒಂದು ಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿ, ನಾಳೆ ಮಧ್ಯಾಹ್ನ ನಿಮ್ಮ ತರಗತಿಯಲ್ಲಿ ನನಗೊಂದು ಜಾಗ ಬೇಕು ಅಂದೆ.